ಹಾಲಿ, ಕಲ್ದಾರ ಮತ್ತು ಕಾಣದ ನಾಣ್ಯ

ನಮ್ಮ ಮನೆಯ ಅಟ್ಟದ ಮೇಲೆ ತಗಡಿನದೊಂದು ಟ್ರಂಕು ಉಂಟು. ಅದು ನನ್ನ ಆಯಿಯದು. ಆಯಿ ಎಂದರೆ ನಮ್ಮ ಭೀಮಾತೀರದ ಮಾತಿನಲ್ಲಿ ಅಜ್ಜಿ. ನಾನಿನ್ನೂ ಸಣ್ಣ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಆಕೆ ಒಂದು ಮಧ್ಯಾಹ್ನ ಆ ಟ್ರಂಕಿನ ತಳದಿಂದ ಹಳೆಯ ಸೀರೆಯ ತುಂಡೊಂದನ್ನು ತೆಗೆದು, ಅದರ ಗಂಟು ಬಿಚ್ಚಿ, ಹತ್ತು ರೂಪಾಯಿಯ ಏಳು ನೋಟುಗಳನ್ನು ನನ್ನ ಮುಂದೆ ಹರಡಿದಳು.

“ತಮ್ಮಾ, ನೀ ಸಾಲಿ ಕಲಿಯಾಂವ. ಇದರಾಗ ಏನ್ ಬರದದ, ನೋಡಿ ಹೇಳು” ಎಂದಳು.

ನೋಟಿನ ಮೇಲೆ ಉರ್ದು ಇತ್ತು, ಇಂಗ್ಲೀಷು ಇತ್ತು, ತೆಲುಗು ಮರಾಠಿಗಳಿದ್ದವು; ಅವುಗಳ ನಡುವೆ ನಮ್ಮ ಕನ್ನಡವೂ ಇತ್ತು. ನಾನು ಓದಿ, “ಹತ್ತು ರೂಪಾಯಿ ಅಂತ ಬರದದ, ಆಯಿ” ಎಂದೆ.

“ಬರದದ್ದು ಹಂಗೇ ಅದ. ಮತ್ತ ರೊಕ್ಕ ಎಲ್ಲಿ ಹೋಯ್ತು?”

ಆಕೆಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡದ ಅಧ್ಯಾಪಕನಾಗಿ, ಶಾಸನಗಳನ್ನೂ ಕಾವ್ಯಗಳನ್ನೂ ಪಾಠ ಹೇಳುತ್ತ ಇಷ್ಟು ವರ್ಷ ಕಳೆದ ಮೇಲೆ, ಅದೇ ಪ್ರಶ್ನೆ ಬೇರೊಂದು ಬಾಯಿಂದ ಈಚೆಗೆ ಮತ್ತೆ ನನ್ನೆದುರು ಬಂದಿತು. ಅದನ್ನು ಲೇಖನದ ಕೊನೆಯಲ್ಲಿ ಹೇಳುವೆನು. ಅದಕ್ಕೆ ಮುಂಚೆ ಆಯಿಯ ಏಳು ನೋಟುಗಳ ಕಥೆಯನ್ನೂ, ಇಂದು ಜಗತ್ತೆಲ್ಲ ಮಾತಾಡುತ್ತಿರುವ ಕಾಣದ ನಾಣ್ಯದ ಹುಟ್ಟಿನ ಕಥೆಯನ್ನೂ ವಾಚಕರ ಮುಂದಿಡುವುದು ಯೋಗ್ಯವೆಂದು ತೋರುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳೂ ಹೈದರಾಬಾದು ಸಂಸ್ಥಾನದ ಗಡಿಯಲ್ಲಿದ್ದವು. ಆಳಂದದ ಮಗ್ಗುಲಿಗೆ ಅಕ್ಕಲಕೋಟೆ, ಅದರಾಚೆ ಸೊಲ್ಲಾಪುರ. ಅಫಜಲಪುರ ಜೇವರ್ಗಿಗಳ ಮಗ್ಗುಲಿಗೆ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ. ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ರೂಪಾಯಿ. ಇಲ್ಲಿ ನಡೆಯುತ್ತಿದ್ದುದು ನಿಜಾಮರ ರೂಪಾಯಿ. ಆ ರೂಪಾಯಿಯನ್ನು ಜನ ‘ಕಲ್ದಾರ’ ಎಂದರು. ಈ ರೂಪಾಯಿಯನ್ನು ‘ಹಾಲಿ ಸಿಕ್ಕಾ’ ಎಂದರು. ಕಲ್ದಾರವೆಂದರೆ ಯಂತ್ರದಿಂದ ಆದದ್ದು. ಹಾಲಿ ಎಂದರೆ ಈಗ ಚಾಲ್ತಿಯಲ್ಲಿರುವುದು. ‘ಹಾಲಿ ಶಾಸಕರು’ ಎಂದು ಇಂದಿಗೂ ನಾವು ಬರೆಯುವ ಶಬ್ದವೇ ಅದು. ಚಾಲ್ತಿಯೆಂಬುದನ್ನೇ ಹೆಸರಾಗಿ ಹೊತ್ತ ಆ ನಾಣ್ಯ ಇಂದು ಚಾಲ್ತಿಯಲ್ಲಿಲ್ಲವೆಂಬುದು ಕಾಲದ ವಿನೋದ.

ಈ ಎರಡು ರೂಪಾಯಿಗಳಿಗೆ ಒಂದು ನಿಯತವಾದ ದರವಿತ್ತು: ೧೦೦ ಕಲ್ದಾರಕ್ಕೆ ೧೧೬ ರೂಪಾಯಿ ೧೦ ಆಣೆ ೮ ಪೈ ಹಾಲಿ, ಸುಲಭವಾಗಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರ. ಗಡಿಯ ಹಳ್ಳಿಗಳ ಅಕ್ಷರವರಿಯದ ಹೆಂಗಸರೂ ಈ ಲೆಕ್ಕವನ್ನು ಬೆರಳಿನ ಗೆಣ್ಣುಗಳ ಮೇಲೆ ಮಾಡಬಲ್ಲವರಾಗಿದ್ದರು. ಹೊಳೆಯಾಚೆಯ ಸಂತೆಗೆ ಹೋದವರು ಕಲ್ದಾರವನ್ನು ತರುತ್ತಿದ್ದರು; ಈಚೆಯ ಕರೋಡಗಿರಿ ನಾಕೆಯಲ್ಲಿ ಸುಂಕವನ್ನು ಹಾಲಿಯಲ್ಲಿ ಕೊಡುತ್ತಿದ್ದರು. ಒಂದೇ ನದಿಯ ಎರಡು ದಂಡೆಗಳಲ್ಲಿ ನುಡಿಯೊಂದು, ದೇವರೊಂದು, ಬೀಗತನವೊಂದು. ರೂಪಾಯಿ ಮಾತ್ರ ಎರಡು.

ಹಾಲಿ ಸಿಕ್ಕಾ ಬಹುಕಾಲ ಬೆಳ್ಳಿಯದಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವ ಬಂದಾಗ, ೧೯೧೮ರಲ್ಲಿ ಹೈದರಾಬಾದು ಸರಕಾರವು ಕಾಯಿದೆ ಮಾಡಿ ಕಾಗದದ ನೋಟುಗಳನ್ನು ಹೊರಡಿಸಿತು. ನೋಡಿದರೆ ಕಾಣುವ, ಬಾರಿಸಿದರೆ ನುಡಿಯುವ ಬೆಳ್ಳಿಯ ಸ್ಥಾನದಲ್ಲಿ ಒಂದು ಮಾತು ಬಂದು ಕುಳಿತಿತು: ‘ಇದನ್ನು ತಂದವನಿಗೆ ಕೊಡುವೆವು’ ಎಂಬ ಸರಕಾರದ ಮಾತು. ೧೯೪೧ರ ಕಾಯಿದೆಯಂತೆ ಹೈದರಾಬಾದು ಸ್ಟೇಟ್ ಬ್ಯಾಂಕು ಸ್ಥಾಪಿತವಾಗಿ, ೧೯೪೨ರ ಏಪ್ರಿಲಿನಲ್ಲಿ ವ್ಯವಹಾರವನ್ನು ಪ್ರಾರಂಭಿಸಿ, ಈ ನಾಣ್ಯದ ನಿರ್ವಹಣೆಯನ್ನು ವಹಿಸಿಕೊಂಡಿತು. ಮುಂದೆ ಅದೇ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅದರ ಪಾಸುಬುಕ್ಕು ಇನ್ನೂ ಇದ್ದೀತು.

ನಾಣ್ಯವೆಂಬುದು ಕೇವಲ ಕೊಡುಕೊಳ್ಳುವ ಸಾಧನವಲ್ಲ, ಅದು ರಾಜ್ಯಾಧಿಕಾರದ ಧ್ವಜ ಎಂಬುದನ್ನು ನಮ್ಮ ಹಿರಿಯರು ೧೯೪೭ರಲ್ಲಿ ಕಣ್ಣಾರೆ ಕಂಡರು. ಆ ವರ್ಷದ ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿಯಾದ ಸ್ವಲ್ಪ ಕಾಲದಲ್ಲಿಯೇ, ಸಂಸ್ಥಾನದಲ್ಲಿ ಭಾರತದ ರೂಪಾಯಿ ನಡೆಯತಕ್ಕದ್ದಲ್ಲವೆಂದು ನಿಜಾಮ ಸರಕಾರ ಆಜ್ಞೆ ಹೊರಡಿಸಿತು. ೧೯೪೮ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನವೇ ಭಾರತದಲ್ಲಿ ಸೇರಿತು. ಆ ಮೇಲೆ ಕೆಲವು ಕಾಲ ಎರಡೂ ರೂಪಾಯಿಗಳು ಕೂಡಿ ನಡೆದು, ೧೯೫೦ರ ದಶಕ ಮುಗಿಯುವುದರೊಳಗೆ ಹಾಲಿ ಸಿಕ್ಕಾ ಪೂರ್ತಿಯಾಗಿ ತೆರೆಮರೆಗೆ ಸರಿಯಿತು. ಬದಲಾಯಿಸಿಕೊಳ್ಳಲು ಕೊಟ್ಟ ಗಡುವಿನ ಸುದ್ದಿ ಊರೂರಿಗೆ ಮುಟ್ಟಿದ್ದರೂ ಟ್ರಂಕಿನ ತಳಕ್ಕೆ ಮುಟ್ಟಲಿಲ್ಲ. ಆಯಿ ಗಂಡನಿಗೂ ತಿಳಿಯದಂತೆ ಬೆಣ್ಣೆ ಮಾರಿ ಕೂಡಿಟ್ಟ ಎಪ್ಪತ್ತು ರೂಪಾಯಿ ಅಕ್ಷರಗಳಾಗಿ ಮಾತ್ರ ಉಳಿಯಿತು. ಕೊಡುವೆನೆಂದ ಬಾಯಿಯೇ ಇಲ್ಲವಾದ ಮೇಲೆ ಮಾತಿಗೆ ಬೆಲೆ ಎಲ್ಲಿಯದು?

ಮಾತು ಕೊಡುವ ಬಾಯಿಯನ್ನು ನಂಬದೆಯೇ ನಡೆಯುವ ನಾಣ್ಯವೊಂದು ಇರಬಹುದೆ? ಈ ಪ್ರಶ್ನೆಯಿಂದಲೇ ಕ್ರಿಪ್ಟೋ ನಾಣ್ಯದ ಕಥೆ ಆರಂಭವಾಗುತ್ತದೆ.

ಗಣಕಯಂತ್ರದ ಮೇಲೆ ಹಣ ಮಾಡುವುದಕ್ಕೆ ಇರುವ ಮೂಲ ಅಡ್ಡಿ ಬಹಳ ಸರಳವಾದುದು. ಬೆಳ್ಳಿಯ ರೂಪಾಯಿಯನ್ನು ನಾನು ನಿಮಗೆ ಕೊಟ್ಟರೆ ಅದು ನನ್ನಲ್ಲಿ ಉಳಿಯದು. ಗಣಕದೊಳಗಿನ ಅಂಕಿಯಾದರೋ ನಿಮಗೆ ಕಳಿಸಿದ ಮೇಲೂ ನನ್ನಲ್ಲಿ ಉಳಿಯುತ್ತದೆ. ಅದನ್ನೇ ಮತ್ತೊಬ್ಬನಿಗೂ ಕೊಟ್ಟು ಮೋಸ ಮಾಡಬಹುದು. ಸುಲಭವಾಗಿ ನಕಲಾಗುವ ನಾಣ್ಯದ ಗತಿಯೇನೆಂಬುದನ್ನು ಚರಿತ್ರೆ ಬಲ್ಲದು. ಕಲಬುರ್ಗಿಯಲ್ಲಿ ಬಹಮನಿ ರಾಜ್ಯ ಹುಟ್ಟುವುದಕ್ಕೆ ಕೆಲವೇ ವರ್ಷ ಮುಂಚೆ, ೧೩೩೦ರ ಸುಮಾರಿಗೆ, ಮಹಮ್ಮದ್ ಬಿನ್ ತುಘಲಕನು ಬೆಳ್ಳಿಯ ಬೆಲೆಯನ್ನು ಹೊತ್ತ ಹಿತ್ತಾಳೆ ತಾಮ್ರದ ನಾಣ್ಯಗಳನ್ನು ನಡೆಸಲು ಹೋಗಿ, ಮನೆಮನೆಯಲ್ಲಿ ಕಳ್ಳನಾಣ್ಯ ತಯಾರಾಗಿ, ಕಡೆಗೆ ಅವನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಗಣಕದ ಅಂಕಿಗಂತೂ ಒಲೆ ಸುತ್ತಿಗೆಗಳ ಶ್ರಮವೂ ಬೇಡ.

ಈ ಅಡ್ಡಿಯನ್ನು ದಾಟುವ ಯತ್ನವನ್ನು ಮೊದಲು ಗಂಭೀರವಾಗಿ ಮಾಡಿದವನು ಅಮೆರಿಕದ ಡೇವಿಡ್ ಚಾಮ್. ೧೯೮೨ರಲ್ಲಿ ಅವನು ‘ಕುರುಡು ಸಹಿ’ ಎಂಬ ಉಪಾಯವನ್ನು ಮಂಡಿಸಿದನು: ಬ್ಯಾಂಕು ಹಣಕ್ಕೆ ಸಹಿ ಹಾಕುವುದು, ಆದರೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದು ಬ್ಯಾಂಕಿಗೂ ತಿಳಿಯದು. ಅವನು ಕಟ್ಟಿದ ಡಿಜಿಕ್ಯಾಶ್ ಎಂಬ ಕಂಪನಿ ೧೯೯೮ರಲ್ಲಿ ದಿವಾಳಿಯಾಯಿತು. ಜಾಣ್ಮೆಗೆ ಅಲ್ಲಿ ಕೊರತೆಯಿರಲಿಲ್ಲ. ಆದರೆ ಆ ವ್ಯವಸ್ಥೆಗೆ ನಡುವೆ ಒಂದು ಬ್ಯಾಂಕು ಬೇಕೇ ಬೇಕಾಗಿತ್ತು.

ಇನ್ನೊಂದು ಕಡೆಯಿಂದ ೧೯೯೧ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ ಎಂಬವರು ಬೇರೆಯೇ ಒಂದು ಸಮಸ್ಯೆಯನ್ನು ಎತ್ತಿಕೊಂಡರು. ಗಣಕದಲ್ಲಿರುವ ಕಾಗದಪತ್ರದ ತಾರೀಖನ್ನು ಯಾರೂ ತಿದ್ದದಂತೆ ಮಾಡುವುದು ಹೇಗೆ? ಒಂದು ಪತ್ರದ ಗುರುತನ್ನು ಅದರ ಮುಂದಿನ ಪತ್ರದಲ್ಲಿ ಸೇರಿಸಿ, ಪತ್ರಗಳನ್ನೆಲ್ಲ ಸರಪಳಿಯಾಗಿ ಪೋಣಿಸಬೇಕೆಂದು ಅವರು ಹೇಳಿದರು. ೧೯೯೫ರಿಂದ ಈ ಸರಪಳಿಯ ಗುರುತನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಪ್ರಕಟಣೆಯಾಗಿ ಅಚ್ಚು ಹಾಕಿಸುತ್ತಿದ್ದರು. ಲಕ್ಷಾಂತರ ಮನೆಗಳಲ್ಲಿ ಬಿದ್ದಿರುವ ರದ್ದಿ ಪತ್ರಿಕೆಯನ್ನು ಯಾವ ಮೋಸಗಾರ ತಿದ್ದಿಯಾನು?

ಶಾಸನಗಳನ್ನು ಓದಿದವರಿಗೆ ಈ ಉಪಾಯ ಹೊಸದೆನಿಸದು. ಗುಡಿಗೆ ಬಿಟ್ಟ ಭೂಮಿಯ, ಕೊಟ್ಟ ಗದ್ಯಾಣ, ಪಣ, ಹಾಗಗಳ ಲೆಕ್ಕವನ್ನು ನಮ್ಮ ಪೂರ್ವಿಕರು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಊರೆಲ್ಲ ನೋಡುವಂತೆ ಕಲ್ಲಿನ ಮೇಲೆ ಕೊರೆದು ಬಯಲಲ್ಲಿ ನಿಲ್ಲಿಸಿದರು. ತಾಮ್ರಪಟಗಳನ್ನಾದರೋ ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ಬೆಸೆದು, ಅದರ ಮೇಲೆ ರಾಜಮುದ್ರೆಯನ್ನು ಒತ್ತಿದರು. ನಡುವಿನ ಹಲಗೆಯೊಂದನ್ನು ಕಿತ್ತು ಬೇರೊಂದನ್ನು ಇಡಬೇಕಾದರೆ ಮುದ್ರೆಯನ್ನೇ ಮುರಿಯಬೇಕು. ಹಾಗಿದ್ದೂ ಕೂಟಶಾಸನಗಳು, ಎಂದರೆ ಸುಳ್ಳು ಶಾಸನಗಳು, ಹುಟ್ಟಿದವೆಂಬುದನ್ನು ಮರೆಯಬಾರದು.

೧೯೯೨ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಬೇಡದ ಮಿಂಚಂಚೆಗಳನ್ನು ತಡೆಯಲು, ಪತ್ರ ಕಳಿಸುವ ಯಂತ್ರ ಮೊದಲು ಒಂದಿಷ್ಟು ಲೆಕ್ಕ ಮಾಡಿ ದುಡಿಯಬೇಕೆಂಬ ನಿಯಮವನ್ನು ಸೂಚಿಸಿದರು. ೧೯೯೭ರಲ್ಲಿ ಆಡಮ್ ಬ್ಯಾಕ್ ‘ಹ್ಯಾಶ್‌ಕ್ಯಾಶ್’ ಎಂಬ ಹೆಸರಿನಿಂದ ಇದೇ ಬಗೆಯ ಉಪಾಯವನ್ನು ರೂಪಿಸಿದನು. ೧೯೯೮ರಲ್ಲಿ ವೇ ಡಾಯ್ ಎಂಬವನು ‘ಬಿ-ಮನಿ’ಯನ್ನೂ, ಅದೇ ಸುಮಾರಿಗೆ ನಿಕ್ ಸಾಬೋ ‘ಬಿಟ್ ಗೋಲ್ಡ್’ನ್ನೂ ಕಲ್ಪಿಸಿದರು, ಅವು ಕಾಗದದ ಮೇಲೆಯೇ ಉಳಿದವು. ೨೦೦೪ರಲ್ಲಿ ಹಾಲ್ ಫಿನ್ನಿ ದುಡಿಮೆಯ ಸಾಕ್ಷಿಯನ್ನೇ ನಾಣ್ಯದಂತೆ ಕೈಬದಲಾಯಿಸುವ ಒಂದು ವ್ಯವಸ್ಥೆಯನ್ನು ಮಾಡಿ ನೋಡಿದನು. ಹೀಗೆ ಗೋಡೆಯ ಕಲ್ಲುಗಳೆಲ್ಲ ಸಿದ್ಧವಾಗಿದ್ದವು. ಜೋಡಿಸುವ ಉಪ್ಪಾರನೊಬ್ಬ ಬೇಕಾಗಿತ್ತು.

೨೦೦೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಕುಸಿಯಿತು. ಬ್ಯಾಂಕುಗಳ ಮೇಲಿನ ನಂಬಿಕೆ ಜಗತ್ತಿನಲ್ಲೆಲ್ಲ ಅಲುಗಾಡಿದ ಆ ದಿನಗಳಲ್ಲಿಯೇ, ಅಕ್ಟೋಬರ್ ೩೧ರಂದು, ಸತೋಶಿ ನಕಾಮೊಟೊ ಎಂಬ ಹೆಸರಿನಿಂದ ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಂದಿತು. ಆ ಹೆಸರಿನ ಹಿಂದೆ ಇದ್ದವರು ಒಬ್ಬರೋ ಹಲವರೋ, ಇಂದಿಗೂ ಖಚಿತವಾಗಿಲ್ಲ. ಪ್ರಬಂಧದ ಕೊನೆಯಲ್ಲಿ ಹೆಸರಿಸಿದ ಆಧಾರಗಳು ಎಂಟೇ. ಅವುಗಳಲ್ಲಿ ಮೂರು ಹೇಬರ್-ಸ್ಟೊರ್ನೆಟ್ಟಾರವು. ತನ್ನ ಹೆಸರನ್ನು ಮುಚ್ಚಿಟ್ಟವನು ಹಿಂದಿನವರ ಋಣವನ್ನು ಮುಚ್ಚಿಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಅದರ ತಿರುಳನ್ನು ನಮ್ಮ ಅಡತ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ತೊಗರಿ ಮಾರಿದ ರೈತನ ಲೆಕ್ಕ ಸಾವಕಾರನ ಕೀರ್ದಿಯಲ್ಲಿರುತ್ತದೆ. ಕೀರ್ದಿ ಒಂದೇ, ಅದು ಸಾವಕಾರನ ಗಾದಿಯ ಕೆಳಗೆ. ಅವನು ಪ್ರಾಮಾಣಿಕನಾದರೆ ರೈತ ಉಳಿದ. ಈಗ ಪೇಟೆಯ ಪ್ರತಿಯೊಬ್ಬನ ಮನೆಯಲ್ಲಿಯೂ ಅದೇ ಕೀರ್ದಿಯ ಪ್ರತಿಯಿದೆ ಎಂದು ಭಾವಿಸಿರಿ. ಯಾರು ಯಾರಿಗೆ ಎಷ್ಟು ಕೊಟ್ಟರೂ ಎಲ್ಲ ಪ್ರತಿಗಳಲ್ಲಿಯೂ ಬರೆಯಲ್ಪಡುತ್ತದೆ. ಆದುದರಿಂದ ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡಲು ಹೋದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಪುಟ ಮುಗಿಯುತ್ತದೆ. ಮುಗಿದ ಪುಟದ ಬರಹವನ್ನೆಲ್ಲ ಒಂದು ಗಣಿತಸೂತ್ರದೊಳಗೆ ಹಾಕಿದರೆ ಒಂದು ಸಂಖ್ಯಾಮುದ್ರೆ ಹೊರಬರುತ್ತದೆ. ಬರಹದಲ್ಲಿ ಒಂದು ಕೊಂಬು ದೀರ್ಘ ಬದಲಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಆ ಮುದ್ರೆ ಮುಂದಿನ ಪುಟದ ನೆತ್ತಿಯ ಮೇಲೆ ಕೂಡುತ್ತದೆ.

ಹಾಗಾದರೆ ಪುಟವನ್ನು ಮುಚ್ಚುವ ಅಧಿಕಾರ ಯಾರದು? ದುಡಿದವನದು. ನಿಯಮಿಸಿದ ಲಕ್ಷಣವುಳ್ಳ ಮುದ್ರೆ ಬರುವವರೆಗೆ ಯಂತ್ರಗಳು ಸಂಖ್ಯೆಗಳನ್ನು ಒಂದಾದ ಮೇಲೊಂದು ಇಟ್ಟು ನೋಡುತ್ತವೆ. ಅದನ್ನು ಹುಡುಕುವುದು ಕಷ್ಟ. ಸಿಕ್ಕಿದುದು ಸರಿಯೆ ಎಂದು ನೋಡುವುದು ಕ್ಷಣದ ಕೆಲಸ. ಮೊದಲು ಕಂಡುಹಿಡಿದವನಿಗೆ ಹೊಸ ನಾಣ್ಯಗಳು ಕೂಲಿಯಾಗಿ ದೊರೆಯುತ್ತವೆ: ಆರಂಭದಲ್ಲಿ ಪುಟಕ್ಕೆ ೫೦. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಈ ಕೂಲಿ ಅರ್ಧಕ್ಕಿಳಿಯುತ್ತದೆ. ೨೦೧೨ರ ನವೆಂಬರಿನಲ್ಲಿ ಅದು ಮೊದಲ ಸಲ ೨೫ಕ್ಕೆ ಇಳಿಯಿತು. ಒಟ್ಟು ನಾಣ್ಯಗಳು ೨ ಕೋಟಿ ೧೦ ಲಕ್ಷವನ್ನು ಮೀರಲಾರವು. ಹಳೆಯ ಪುಟವನ್ನು ತಿದ್ದಬಯಸಿದವನು ಅಲ್ಲಿಂದ ಮುಂದಿನ ದುಡಿಮೆಯನ್ನೆಲ್ಲ ಮತ್ತೆ ಮಾಡಿ, ಉಳಿದವರೆಲ್ಲರನ್ನೂ ಓಟದಲ್ಲಿ ಹಿಂದೆ ಹಾಕಬೇಕು. ದುಡಿಯುವ ಶಕ್ತಿಯ ಹೆಚ್ಚಿನ ಪಾಲು ಪ್ರಾಮಾಣಿಕರ ಕೈಯಲ್ಲಿರುವವರೆಗೆ ಅದು ಆಗದ ಮಾತು. ಇದೇ ಬಿಟ್‌ಕಾಯಿನ್.

೨೦೦೯ರ ಜನವರಿ ೩ರಂದು ಮೊದಲ ಪುಟ ಸಿದ್ಧವಾಯಿತು. ಬ್ರಿಟನ್ನಿನ ಅರ್ಥಮಂತ್ರಿ ಬ್ಯಾಂಕುಗಳನ್ನು ಎರಡನೆಯ ಸಲ ಉದ್ಧರಿಸುವ ಅಂಚಿನಲ್ಲಿದ್ದಾನೆಂಬ ಅಂದಿನ ಲಂಡನ್ ಟೈಮ್ಸ್ ಪತ್ರಿಕೆಯ ಸುದ್ದಿಶೀರ್ಷಿಕೆಯನ್ನು ಅದರಲ್ಲಿ ಹುದುಗಿಸಲಾಗಿತ್ತು. ಜನವರಿ ೧೨ರಂದು ಮೊದಲ ಪಾವತಿಯಾಗಿ ಹತ್ತು ನಾಣ್ಯಗಳನ್ನು ಪಡೆದವನು ಮೇಲೆ ಹೇಳಿದ ಹಾಲ್ ಫಿನ್ನಿ. ಆ ವರ್ಷದ ಅಕ್ಟೋಬರಿನಲ್ಲಿ ಯಂತ್ರಕ್ಕೆ ತಗಲುವ ವಿದ್ಯುತ್ತಿನ ಖರ್ಚನ್ನು ಲೆಕ್ಕ ಹಾಕಿ ಒಬ್ಬರು ಕಟ್ಟಿದ ಬೆಲೆ, ಒಂದು ಡಾಲರಿಗೆ ೧೩೦೯ ನಾಣ್ಯ! ೨೦೧೦ರ ಮೇ ೨೨ರಂದು ಫ್ಲಾರಿಡಾದ ಒಬ್ಬ ತರುಣನು ೧೦,೦೦೦ ನಾಣ್ಯಗಳನ್ನು ಕೊಟ್ಟು ಎರಡು ಪಿಜ್ಜಾ ತರಿಸಿ ತಿಂದನು. ಜನ ಇಂದು ಅದನ್ನು ನೆನೆದು ನಗುತ್ತಾರೆ. ನನಗಾದರೋ ಆ ದಿನವೇ ಅದು ನಾಣ್ಯವಾಯಿತೆಂದು ತೋರುತ್ತದೆ. ತಿನ್ನುವ ರೊಟ್ಟಿಗೆ ಬದಲಾಗಿ ಒಬ್ಬನು ಒಪ್ಪಿ ತೆಗೆದುಕೊಳ್ಳುವವರೆಗೆ ಬಂಗಾರವೂ ನಾಣ್ಯವಲ್ಲ.

ಯಾರನ್ನೂ ನಂಬಬೇಕಾಗಿಲ್ಲವೆಂಬುದು ಈ ನಾಣ್ಯದ ಹೆಮ್ಮೆ. ಆದರೆ ಅದರ ಬಾಲ್ಯವೇ ಆ ಹೆಮ್ಮೆಗೆ ಎರಡು ಪಾಠಗಳನ್ನು ಕಲಿಸಿತು. ೨೦೧೦ರ ಆಗಸ್ಟ್ ೧೫ರಂದು ಸೂತ್ರದಲ್ಲಿದ್ದ ಒಂದು ದೋಷದಿಂದ, ೨ ಕೋಟಿ ಚಿಲ್ಲರೆ ಮಾತ್ರ ಇರತಕ್ಕ ಕಡೆ ೧೮,೦೦೦ ಕೋಟಿಗೂ ಮಿಕ್ಕ ನಾಣ್ಯಗಳು ಒಮ್ಮೆಗೇ ಹುಟ್ಟಿಕೊಂಡವು. ಕೆಲವೇ ಗಂಟೆಗಳಲ್ಲಿ ಸತೋಶಿಯೂ ಅವನ ಸಂಗಡಿಗರೂ ದೋಷವನ್ನು ತಿದ್ದಿದರು. ನಡೆಸುವವರು ಒಪ್ಪಿ ಆ ಪುಟವನ್ನು ಬಿಟ್ಟುಕೊಟ್ಟರು. ನಾಣ್ಯವನ್ನು ಅಂದು ಉಳಿಸಿದುದು ಮನುಷ್ಯರ ವಿವೇಕ. ೨೦೧೧ರ ಹೊತ್ತಿಗೆ ಸತೋಶಿ ಮೌನವಾದನು.

ಎರಡನೆಯ ಪಾಠ ಟೋಕಿಯೋ ನಗರದ್ದು. ಅಲ್ಲಿನ ಮೌಂಟ್ ಗಾಕ್ಸ್ ಎಂಬ ವಿನಿಮಯದ ಅಂಗಡಿ ೨೦೧೪ರ ಫೆಬ್ರವರಿಯಲ್ಲಿ ದಿವಾಳಿಯೆದ್ದಿತು. ಸುಮಾರು ೮,೫೦,೦೦೦ ನಾಣ್ಯಗಳು ಕಾಣೆಯಾಗಿವೆಯೆಂದು ಅಂದು ಹೇಳಲಾಯಿತು. ಅವುಗಳಲ್ಲಿ ಸುಮಾರು ೨,೦೦,೦೦೦ ಮುಂದೆ ದೊರೆತವು. ಇಲ್ಲಿ ಎಲ್ಲರ ಮನೆಯಲ್ಲಿದ್ದ ಕೀರ್ದಿಗೆ ಏನೂ ಆಗಿರಲಿಲ್ಲ. ಜನರು ತಮ್ಮ ನಾಣ್ಯದ ಕೀಲಿಯನ್ನು ಅಂಗಡಿಯವನ ಕೈಯಲ್ಲಿ ಕೊಟ್ಟು, ಅವನ ಸ್ವಂತ ಪುಸ್ತಕದ ಅಂಕಿಯನ್ನು ನಂಬಿ ಕುಳಿತಿದ್ದರು. ಸಾವಕಾರನಿಂದ ಬಿಡಿಸಲು ಹುಟ್ಟಿದ ನಾಣ್ಯದ ಬಾಗಿಲಲ್ಲಿಯೇ ಹೊಸ ಸಾವಕಾರರು ಗಾದಿ ಹಾಕಿಕೊಂಡು ಕುಳಿತರು.

ನಮ್ಮ ನಾಡಿಗೆ ಈ ನಾಣ್ಯ ಬೆಂಗಳೂರಿನ ಮಾರ್ಗವಾಗಿ ಬಂದಿತು. ೨೦೧೩ರಲ್ಲಿ ಯುನೋಕಾಯಿನ್ ಎಂಬ ಸಂಸ್ಥೆ ಕರ್ನಾಟಕದಲ್ಲಿ ಇದರ ಕೊಡುಕೊಳ್ಳುವಿಕೆಯನ್ನು ಆರಂಭಿಸಿತು. ಅದೇ ವರ್ಷದ ಡಿಸೆಂಬರ್ ೨೪ರಂದು ರಿಸರ್ವ್ ಬ್ಯಾಂಕು ಮೊದಲ ಎಚ್ಚರಿಕೆಯನ್ನು ಪ್ರಕಟಿಸಿತು. ೨೦೧೮ರ ಏಪ್ರಿಲ್ ೬ರಂದು, ಇಂಥ ನಾಣ್ಯದ ವ್ಯಾಪಾರಿಗಳಿಗೆ ಬ್ಯಾಂಕುಗಳು ಸೇವೆ ಒದಗಿಸಕೂಡದೆಂದು ಸುತ್ತೋಲೆ ಹೊರಡಿಸಿತು. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಮಾಲಿನಲ್ಲಿ ಇರಿಸಿದ ಬಿಟ್‌ಕಾಯಿನ್ ಯಂತ್ರವನ್ನು ಪೋಲೀಸರು ಕೆಲವೇ ದಿನಗಳಲ್ಲಿ ವಶಪಡಿಸಿಕೊಂಡರು. ೨೦೨೦ರ ಮಾರ್ಚ್ ೪ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಮಾಡಿತು. ೨೦೨೨ರ ಏಪ್ರಿಲಿನಿಂದ ಇದರ ಲಾಭದ ಮೇಲೆ ಶೇಕಡಾ ೩೦ರಷ್ಟು ತೆರಿಗೆ ಬಂದಿತು. ಆ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ತನ್ನದೇ ಡಿಜಿಟಲ್ ರೂಪಾಯಿಯನ್ನು ಜನಬಳಕೆಗೆ ಪ್ರಯೋಗವಾಗಿ ಬಿಟ್ಟ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ತೆರಿಗೆ ಇದೆ, ಆದರೆ ಕಾಯಿದೆಬದ್ಧ ಚಲಾವಣೆಯ ನಾಣ್ಯವೆಂಬ ಮನ್ನಣೆ ಇಲ್ಲ. ನಮ್ಮ ಗಡಿಯ ಹಿರಿಯರು ಇದ್ದಿದ್ದರೆ, ‘ನಾಕೆಯವರು ಸುಂಕ ತಗೋತಾರ, ರೊಕ್ಕ ಮಾತ್ರ ನಡಿಯಾಂಗಿಲ್ಲ’ ಎನ್ನುತ್ತಿದ್ದರೇನೋ.

ಇನ್ನು ಆರಂಭದಲ್ಲಿ ಹೇಳಿದ ಎರಡನೆಯ ಪ್ರಶ್ನೆ. ಈಚೆಗೆ ಜೇವರ್ಗಿ ಕಡೆಯ ಹಳ್ಳಿಯ ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ಹಿಂದೆ ನಿಂತನು. ತಂದೆ ತೊಗರಿ ಮಾರಿ, ಅಕ್ಕನ ಮದುವೆಗೆಂದು ಅವನ ಖಾತೆಯಲ್ಲಿ ಹಾಕಿದ್ದ ೪೦,೦೦೦ ರೂಪಾಯಿಯನ್ನು ಅವನು ಪರಿಚಯದವನೊಬ್ಬನ ಮಾತಿನಂತೆ ಒಂದು ಹೊಸ ‘ಕಾಯಿನ್’ಗೆ ಕಟ್ಟಿದ್ದನು.

“ಸರ, ಮೊಬೈಲದಾಗ ರೊಕ್ಕ ದಿನಾ ಏರ್ಲಿಕತ್ತದರಿ. ಆದ್ರ ತಗಿಬೇಕಂದ್ರ ಬರವಲ್ದರಿ.”

“ನಿನ್ನ ರೊಕ್ಕ ಎಲ್ಲಿ ಬರದಾರಪಾ?” ಎಂದು ಕೇಳಿದೆ.

“ಆಪಿನಾಗ ಅದರಿ. ಬರದದ್ದು ಹಂಗೇ ಅದರಿ.”

ನನಗೆ ಆಯಿಯ ಮುಖ ಕಣ್ಣೆದುರು ಬಂದಂತಾಯಿತು. ಅವನನ್ನು ಕೂರಿಸಿಕೊಂಡು ಮೇಲಿನ ಕಥೆಯನ್ನೆಲ್ಲ ಹೇಳಿದೆ. ಅವನು ಹಣ ಕಟ್ಟಿದುದು ಸತೋಶಿಯ ನಾಣ್ಯಕ್ಕಲ್ಲ. ಅಲ್ಲಿ ಎಲ್ಲರ ಮನೆಯ ಕೀರ್ದಿ ಇರಲಿಲ್ಲ, ಮುದ್ರೆಯ ಸರಪಳಿ ಇರಲಿಲ್ಲ. ಎಲ್ಲಿಯೋ ಕುಳಿತ ಒಬ್ಬನು ತನಗೆ ತೋಚಿದ ಅಂಕಿಯನ್ನು ಇವನ ಮೊಬೈಲಿನಲ್ಲಿ ಬರೆಯುತ್ತಿದ್ದನು, ಅಷ್ಟೆ. ಹೆಸರು ಮಾತ್ರ ಆ ನಾಣ್ಯದ ಕುಲದ್ದು. ನಿಜವಾದ ಬಿಟ್‌ಕಾಯಿನ್ನೇ ಆಗಿದ್ದರೂ ಅದರ ಹಿಂದೆ ಸರಕಾರದ ಮಾತಿಲ್ಲ. ಕೊಳ್ಳುವವನು ಇರುವವರೆಗೆ ಬೆಲೆ, ಇಲ್ಲದ ದಿನ ಇಲ್ಲ. ಕೀರ್ದಿ ಸುಳ್ಳಾಡದಿರಬಹುದು, ಅದರಲ್ಲಿ ಬರೆದ ನಾಣ್ಯಕ್ಕೆ ನಾಳೆ ರೊಟ್ಟಿ ದೊರೆಯುವುದೆಂದು ಕೀರ್ದಿ ಹೇಳಲಾರದು.

ಪೋಲೀಸರಿಗೆ ದೂರು ಕೊಡಲು ಅವನೊಡನೆ ನಾನೂ ಹೋದೆ. ಆ ಮೇಲೆ ಅವನ ಊರಿಗೂ ಹೋದೆ. ತಂದೆಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಆ ಮುದುಕರು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಹುಡುಗ ಅದಾನಲ್ರಿ ಸರ, ರೊಕ್ಕ ಮತ್ತ ಬೆಳದೀತು” ಎಂದರು. ಹಣವಿನ್ನೂ ಬಂದಿಲ್ಲ. ಅಕ್ಕನ ಮದುವೆ ಒಂದು ಸುಗ್ಗಿ ಮುಂದಕ್ಕೆ ಹೋಗಿದೆ.

ಆಯಿಯ ಏಳು ನೋಟುಗಳನ್ನು ನಾನು ಈಗ ಟ್ರಂಕಿನಿಂದ ತೆಗೆದು ಕನ್ನಡಿಯ ಚೌಕಟ್ಟಿನಲ್ಲಿ ಹಾಕಿಸಿ ಕಾಲೇಜಿನ ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಹೊಸದಾಗಿ ಬಂದ ಹುಡುಗರು ಇದೇನೆಂದು ಕೇಳುತ್ತಾರೆ. ‘ಓದಿ ಹೇಳಿರಪಾ’ ಎನ್ನುತ್ತೇನೆ. ಅವರು ಹತ್ತು ರೂಪಾಯಿ ಎಂದು ಓದುತ್ತಾರೆ. ಆಗ ಆಯಿ ನನ್ನನ್ನು ಕೇಳಿದ ಪ್ರಶ್ನೆಯನ್ನೇ ನಾನು ಅವರನ್ನು ಕೇಳುತ್ತೇನೆ.